ಓಟದ ನಡುವೆ ನಿಲ್ಲುವ ವಿದ್ಯೆ

ಹಿಮದ ಮೇಲೆ ಏದುಸಿರು ಬಿಡುತ್ತ ಸ್ಕೀ ಓಡಿಸಿಕೊಂಡು ಬಂದವರು, ಬೆನ್ನಿಗೆ ಬಿಗಿದ ರೈಫಲ್ ಇಳಿಸಿ, 50 ಮೀಟರ್ ಆಚೆಗಿನ ಐದು ಕಪ್ಪು ಗುರಿಗಳಿಗೆ ಐದು ಗುಂಡು ಹೊಡೆಯಬೇಕು. ಮಲಗಿ ಹೊಡೆಯುವಾಗ ಗುರಿಯ ಅಗಲ 45 ಮಿಲಿಮೀಟರ್, ಹೆಚ್ಚೆಂದರೆ ಒಂದು ನಿಂಬೆಹಣ್ಣಿನಷ್ಟು. ನಿಂತು ಹೊಡೆಯುವಾಗ 115 ಮಿಲಿಮೀಟರ್, ತೆಂಗಿನ ಚಿಪ್ಪಿನಷ್ಟು. ರೈಫಲ್ ಕನಿಷ್ಠ ಮೂರೂವರೆ ಕಿಲೋ ತೂಗುತ್ತದೆ. ಅದಕ್ಕೆ ದೂರದರ್ಶಕವಿಲ್ಲ, ಸಣ್ಣ ರಂಧ್ರವೊಂದೇ ಕಣ್ಣಿಗೆ ಆಧಾರ. ಗುರಿ ತಪ್ಪಿದರೆ, ಹೆಚ್ಚಿನ ಸ್ಪರ್ಧೆಗಳಲ್ಲಿ, ಪ್ರತಿ ತಪ್ಪಿಗೆ 150 ಮೀಟರ್‌ನ ದಂಡದ ಸುತ್ತು. ‘ಇಂಡಿವಿಜುವಲ್’ ಎಂಬ ಸ್ಪರ್ಧೆಯಲ್ಲಾದರೆ ಪ್ರತಿ ತಪ್ಪಿಗೂ ಒಟ್ಟು ಸಮಯಕ್ಕೆ ಒಂದು ನಿಮಿಷ ಸೇರುತ್ತದೆ. ಇದು ಬಯಾಥ್ಲಾನ್. ಓಟ ಬೇಡುವುದು ವೇಗವನ್ನು, ಗುರಿ ಬೇಡುವುದು ನಿಶ್ಚಲತೆಯನ್ನು. ಒಂದೇ ದೇಹ ಇವೆರಡನ್ನೂ ಕೆಲವೇ ಕ್ಷಣಗಳ ಅಂತರದಲ್ಲಿ ಕೊಡಬೇಕು. ಈ ಕ್ರೀಡೆಯ ಕಷ್ಟವೂ ಸೊಗಸೂ ಇರುವುದು ಅಲ್ಲೇ. ಓಡುವುದನ್ನು ಹದಿಹರೆಯದಲ್ಲೇ ಕಲಿಯಬಹುದು. ಓಟದ ನಡುವೆ ನಿಲ್ಲುವುದನ್ನು ಕಲಿಯಲು ವರ್ಷಗಳು ಬೇಕು. ಹೀಗಾಗಿ ಬಯಾಥ್ಲಾನ್ ಸ್ಪರ್ಧಿಯ ಆರಂಭದ ವರ್ಷಗಳನ್ನು ಪದಕಗಳಿಂದ ಅಳೆಯುವುದು ತಪ್ಪು. ಆ ವರ್ಷಗಳಲ್ಲಿ ಆಕೆಗೆ ಎಷ್ಟು ಕಾಲಾವಕಾಶ ಸಿಕ್ಕಿತು ಎಂಬುದೇ ಸರಿಯಾದ ಅಳತೆ. ಇಟಲಿಯ ಲಿಸಾ ವಿಟ್ಟೋಝಿ ಅವರ ಹಾದಿ ಇದಕ್ಕೆ ಒಳ್ಳೆಯ ನಿದರ್ಶನ.

ಲಿಸಾ ಹುಟ್ಟಿದ್ದು 1995ರ ಫೆಬ್ರುವರಿ 4ರಂದು. ಊರು ಸಪ್ಪಾದ, ಇಟಲಿಯ ಈಶಾನ್ಯ ಮೂಲೆಯಲ್ಲಿ ಆಸ್ಟ್ರಿಯದ ಗಡಿಗೆ ಹತ್ತಿರವಿರುವ ಆಲ್ಪ್ಸ್ ಹಳ್ಳಿ. 2014ರಲ್ಲಿ ಅಮೆರಿಕದ ಪ್ರೆಸ್ಕ್ ಐಲ್‌ನಲ್ಲಿ ನಡೆದ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದಾಗ ಆಕೆಗೆ 19 ವರ್ಷ. ಮುಂದಿನ ಚಳಿಗಾಲದಲ್ಲೇ ಹಿರಿಯರ ವಿಶ್ವಕಪ್‌ಗೆ ಕಾಲಿಟ್ಟರು. 2015ರಲ್ಲಿ ಫಿನ್ಲೆಂಡಿನ ಕಾಂಟಿಯೊಲಾಹ್ತಿಯಲ್ಲಿ ಇಟಲಿಯ ಮಹಿಳೆಯರು ರಿಲೇಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು ಪಡೆದಾಗ 20ರ ಲಿಸಾ ಆ ತಂಡದಲ್ಲಿದ್ದರು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲೂ ಮಿಶ್ರ ರಿಲೇಯ ಕಂಚು. ಗಮನಿಸಬೇಕಾದದ್ದು ಇದು: ಹಿರಿಯರ ನಡುವೆ ಮೊದಲು ಬಂದ ಈ ದೊಡ್ಡ ಪದಕಗಳೆರಡೂ ತಂಡದವು. ವಿಶ್ವಕಪ್‌ನಲ್ಲಿ ಒಬ್ಬರೇ ಓಡಿ ಗೆಲ್ಲಲು ಆಕೆ 2019ರ ಜನವರಿಯವರೆಗೆ ಕಾಯಬೇಕಾಯಿತು. ಆಗ ಜರ್ಮನಿಯ ಓಬರ್‌ಹಾಫ್‌ನಲ್ಲಿ ಸ್ಪ್ರಿಂಟ್ ಮತ್ತು ಪರ್ಸ್ಯೂಟ್ ಎಂಬ ಎರಡೂ ಸ್ಪರ್ಧೆಗಳನ್ನು ಗೆದ್ದರು.

ತಂಡದ ಪದಕಗಳು ಮೊದಲು ಬಂದದ್ದು ಆಕಸ್ಮಿಕವಲ್ಲ. ರಿಲೇಯಲ್ಲಿ ಪ್ರತಿ ಸಲ ಗುರಿಯ ಮುಂದೆ ನಿಂತಾಗ ಐದು ಗುಂಡುಗಳ ಜೊತೆಗೆ ಮೂರು ಹೆಚ್ಚುವರಿ ಗುಂಡು ಸಿಗುತ್ತವೆ. ಅವನ್ನು ಕೈಯಿಂದ ಒಂದೊಂದಾಗಿ ತುಂಬಬೇಕು, ಅದಕ್ಕೆ ಸಮಯ ಹೋಗುತ್ತದೆ. ಆದರೂ ತಪ್ಪನ್ನು ಅಲ್ಲೇ ತಿದ್ದಿಕೊಳ್ಳುವ ಅವಕಾಶ ಇರುತ್ತದೆ. ಹಿಂದೆ ಅನುಭವಿಗಳಿರುತ್ತಾರೆ, ಹೊಣೆ ನಾಲ್ವರಲ್ಲಿ ಹಂಚಿಹೋಗುತ್ತದೆ. ಎಳೆಯ ಸ್ಪರ್ಧಿ ಇಂಥ ಕಡೆ ದೊಡ್ಡ ವೇದಿಕೆಯ ಒತ್ತಡವನ್ನು ಕಲಿಯುತ್ತಾಳೆ, ಆ ಒತ್ತಡಕ್ಕೆ ಮುರಿಯುವುದಿಲ್ಲ. ಲಿಸಾರ ಪಾಲಿಗೆ ಆ ಅನುಭವಿ ಡೊರೋಥಿಯಾ ವೀರರ್. ಇಟಲಿಯ ಆಂಥೋಲ್ಟ್ಸ್ ಕಣಿವೆಯವರಾದ ವೀರರ್ ಕೂಡ ಕಿರಿಯರ ವಿಶ್ವ ಚಾಂಪಿಯನ್ ಆಗಿದ್ದವರೇ. 1990ರಲ್ಲಿ ಹುಟ್ಟಿದ ಅವರಿಗೂ ವಿಶ್ವಕಪ್‌ನ ಮೊದಲ ವೈಯಕ್ತಿಕ ಗೆಲುವು ಸಿಕ್ಕಿದ್ದು 2015ರ ಡಿಸೆಂಬರಿನಲ್ಲಿ, 25ನೇ ವಯಸ್ಸಿನಲ್ಲಿ. ಅದಕ್ಕೆ ಮುಂಚೆ 2014ರ ಸೋಚಿ ಒಲಿಂಪಿಕ್ಸ್‌ನ ಮಿಶ್ರ ರಿಲೇ ಕಂಚು ಅವರ ಕೊರಳಲ್ಲಿತ್ತು. ಇಬ್ಬರದೂ ಒಂದೇ ಕ್ರಮ: ಮೊದಲು ತಂಡ, ಆಮೇಲೆ ಒಂಟಿ ಗೆಲುವು.

ಇಷ್ಟು ವರ್ಷ ಕಾಯುವುದೆಂದರೆ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಇಟಲಿ ಅದಕ್ಕೆ ಕಂಡುಕೊಂಡ ಉತ್ತರ ಸಮವಸ್ತ್ರದ ಕ್ರೀಡಾ ಕೇಂದ್ರಗಳು. ಸೇನೆ, ಪೊಲೀಸ್ ಮತ್ತು ಹಣಕಾಸು ಕಾವಲು ಪಡೆಗಳು ಕ್ರೀಡಾಪಟುಗಳನ್ನು ನೌಕರರಾಗಿ ಸೇರಿಸಿಕೊಂಡು ಸಂಬಳ ಕೊಟ್ಟು ತರಬೇತಿಗೆ ಬಿಡುತ್ತವೆ. ಲಿಸಾ ಕರಾಬಿನಿಯೇರಿ ಎಂಬ ಸೈನಿಕ ಪೊಲೀಸ್ ಪಡೆಯವರು. ವೀರರ್ ಹಣಕಾಸು ಪಡೆಯ ‘ಫಿಯಾಮ್ಮೆ ಜಾಲ್ಲೆ’ ತಂಡದವರು. ಜನರ ತೆರಿಗೆಯ ಹಣದಲ್ಲಿ ಕ್ರೀಡೆಗೇಕೆ ಸಂಬಳ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಫುಟ್‌ಬಾಲ್ ಮಾರುಕಟ್ಟೆಯಿಂದ ಬದುಕಬಲ್ಲದು, ಕಣಿವೆಯ ಹಳ್ಳಿಗಳಲ್ಲಿ ಬೆಳೆದ ಬಯಾಥ್ಲಾನ್‌ಗೆ ಆ ಮಾರುಕಟ್ಟೆ ಇಲ್ಲ. ಈ ಸಂಬಳವನ್ನು ತೆಗೆದುಹಾಕಿದರೆ ಕಾಯುವ ಶಕ್ತಿ ಉಳ್ಳವರ ಮಕ್ಕಳಿಗಷ್ಟೇ ಉಳಿಯುತ್ತದೆ. ಹಾಗಾದ ದಿನ ಕ್ರೀಡೆ ಊರಿನದಾಗಿ ಉಳಿಯುವುದಿಲ್ಲ.

ಹುಟ್ಟಿನಿಂದ ಬಂದ ಪ್ರತಿಭೆಯೇ ಎಲ್ಲ, ಉಳಿದದ್ದು ನೆಪ ಎಂಬ ಆಕ್ಷೇಪವೂ ಇದೆ. 19ಕ್ಕೇ ಚಿನ್ನ ಗೆದ್ದವಳು ಹೇಗಿದ್ದರೂ ಮೇಲೆ ಬರುತ್ತಿದ್ದಳು ಎಂಬ ವಾದ. ಲಿಸಾರ ಮುಂದಿನ ವರ್ಷಗಳೇ ಇದಕ್ಕೆ ಉತ್ತರ. 2018–19ರ ಋತುವಿನಲ್ಲಿ ವಿಶ್ವಕಪ್‌ನ ಒಟ್ಟು ಅಂಕಪಟ್ಟಿಯ ಮೊದಲ ಸ್ಥಾನಕ್ಕೆ ಪೈಪೋಟಿ ನಡೆದದ್ದು ಇಬ್ಬರು ಇಟಾಲಿಯನ್ನರ ನಡುವೆಯೇ. ಅಲ್ಪ ಅಂತರದಲ್ಲಿ ವೀರರ್ ಗೆದ್ದರು, ಈ ಕಿರೀಟ ಮುಡಿದ ಮೊದಲ ಇಟಾಲಿಯನ್ ಆದರು, ಲಿಸಾ ಎರಡನೆಯವರಾದರು. ಅದಾದ ಮೇಲೆ ಅವರ ಗುರಿ ಕೈಕೊಡತೊಡಗಿತು. ನಿಂತು ಹೊಡೆಯುವುದಕ್ಕಿಂತ ಸುಲಭವೆಂದು ಎಲ್ಲರೂ ತಿಳಿಯುವ ಮಲಗಿದ ಭಂಗಿಯಲ್ಲೇ ಗುಂಡುಗಳು ತಪ್ಪಿದವು. 2021–22ರಲ್ಲಿ ಆ ಸಂಕಟ ತುತ್ತತುದಿ ಮುಟ್ಟಿತು. ಪ್ರತಿಭೆ ಎಲ್ಲಿಗೂ ಹೋಗಿರಲಿಲ್ಲ, ಕಾಲುಗಳ ಬಲವೂ ಇತ್ತು. ಕೆಟ್ಟದ್ದು ಕೈಗೆ ಬಂದಿದ್ದ ವಿದ್ಯೆ. ವಿದ್ಯೆ ಎಂಬುದು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ. ದಿನವೂ ತಿಕ್ಕಿ ಬೆಳಗಬೇಕಾದ ಪಾತ್ರೆ.

ಹಾಗಾದರೆ ಅಷ್ಟು ವರ್ಷಗಳ ಪೋಷಣೆಯಿಂದ ಬಂದ ಲಾಭವೇನು ಎಂದು ಕೇಳಬಹುದು. ಬಿದ್ದವಳನ್ನು ಯಾರೂ ಕೈಬಿಡಲಿಲ್ಲ, ಅದೇ ಲಾಭ. ಪದಕಕ್ಕೆ ಮಾತ್ರ ಹಣ ಕೊಡುವ ಏರ್ಪಾಡು ಸೋಲಿನ ಎರಡನೇ ವರ್ಷಕ್ಕೇ ಬಾಗಿಲು ಮುಚ್ಚುತ್ತಿತ್ತು. ಲಿಸಾ ತಂಡದಲ್ಲಿ ಉಳಿದರು, ಅಡಿಪಾಯದಿಂದ ಮತ್ತೆ ಶುರುಮಾಡಿದರು. 2023ರಲ್ಲಿ, ಮೊದಲ ಗೆಲುವು ಕಂಡಿದ್ದ ಅದೇ ಓಬರ್‌ಹಾಫ್‌ನಲ್ಲಿ, ಇಟಲಿಯ ಮಹಿಳಾ ರಿಲೇ ತಂಡ ವಿಶ್ವ ಚಾಂಪಿಯನ್ ಆಯಿತು. ಆಕೆ ಆ ನಾಲ್ವರಲ್ಲಿ ಒಬ್ಬರು. ಮರಳುವ ದಾರಿಯಲ್ಲೂ ತಂಡದ ಪಾಲಿತ್ತು. ಮರುವರ್ಷ ಜೆಕ್ ದೇಶದ ನೋವೆ ಮೆಸ್ತೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 15 ಕಿಲೋಮೀಟರ್ ಇಂಡಿವಿಜುವಲ್‌ನಲ್ಲಿ, ಒಂದು ತಪ್ಪಿಗೆ ಒಂದು ನಿಮಿಷ ತೆರಬೇಕಾದ ಆ ಕಠಿಣ ಸ್ಪರ್ಧೆಯಲ್ಲಿ, 20ಕ್ಕೆ 20 ಗುರಿ ಉರುಳಿಸಿ ಚಿನ್ನ ಗೆದ್ದರು. ಮಲಗಿ ಹೊಡೆದ ಹತ್ತೂ ಅದರಲ್ಲಿ ಸೇರಿದ್ದವು.

ಎಳೆಯ ಕ್ರೀಡಾಪಟುವೊಬ್ಬರು ಗೆದ್ದ ಕೂಡಲೇ ಮುಂದಿನ ಪದಕ ಯಾವಾಗ ಎಂದು ಕೇಳುವುದು ಎಲ್ಲೆಡೆಯ ಅಭ್ಯಾಸ. ಕೇಳಬೇಕಾದದ್ದು ಬೇರೆ: ಆಕೆ ಕಲಿಯಲು, ತಪ್ಪಲು, ತಿದ್ದಿಕೊಳ್ಳಲು ನಾವು ಎಷ್ಟು ವರ್ಷ ಕೊಡಲು ಸಿದ್ಧರಿದ್ದೇವೆ? ಲಿಸಾ ವಿಟ್ಟೋಝಿ ವಿಶ್ವಕಪ್‌ನ ಒಟ್ಟು ಕಿರೀಟ ಗೆದ್ದದ್ದು 2024ರ ಮಾರ್ಚ್‌ನಲ್ಲಿ, ಕೆನಡಾದ ಕ್ಯಾನ್ಮೋರ್‌ನಲ್ಲಿ. ಆಗ ಅವರಿಗೆ 29 ವರ್ಷ. ಕಿರಿಯರ ಚಿನ್ನ ಕೊರಳಿಗೆ ಬಿದ್ದು ಹತ್ತು ವರ್ಷವಾಗಿತ್ತು.