ಒತ್ತಕ್ಷರ ಬಲ್ಲ ವಿನ್ಯಾಸಕಾರರು

ಅಕ್ಷರ, ಚಿತ್ರ, ಬಣ್ಣ, ಖಾಲಿ ಜಾಗ ಇವನ್ನು ಹೊಂದಿಸಿ ವಿಷಯವೊಂದನ್ನು ನೋಡುವವರಿಗೆ ಮುಟ್ಟಿಸುವ ಕೆಲಸವೇ ಗ್ರಾಫಿಕ್ ಡಿಸೈನ್. ಲಗ್ನಪತ್ರಿಕೆ, ಪುಸ್ತಕದ ಮುಖಪುಟ, ಔಷಧಿ ಡಬ್ಬಿಯ ಮೇಲಿನ ಬರಹ, ಬಸ್ಸಿನ ಮಾರ್ಗಫಲಕ, ಮೊಬೈಲ್ ಆ್ಯಪಿನ ಪರದೆ ಎಲ್ಲವೂ ಇದರೊಳಗೆ ಬರುತ್ತವೆ.

ಈ ವೃತ್ತಿಗೆ ತಂತ್ರಜ್ಞಾನದ ಹೊಡೆತ ಹೊಸದಲ್ಲ. 1985ರಲ್ಲಿ ಪೇಜ್‌ಮೇಕರ್ ತಂತ್ರಾಂಶ ಬಂದ ಮೇಲೆ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಪುಟ ಕಟ್ಟಬಹುದಾಯಿತು. 1990ರಲ್ಲಿ ಫೋಟೋಶಾಪ್ ಬಂತು. ಕರ್ನಾಟಕದ ಊರುಗಳಲ್ಲಿ ಅಚ್ಚಿನ ಮೊಳೆ ಜೋಡಿಸುವವರ ಕೆಲಸ ಕ್ರಮೇಣ ಡಿಟಿಪಿ ಸೆಂಟರುಗಳ ಪಾಲಾಯಿತು. ಬಳಿಕ ಬಂದ ಫ್ಲೆಕ್ಸ್, ಕುಂಚ ಹಿಡಿದು ಅಂಗಡಿ ಬೋರ್ಡು ಬರೆಯುತ್ತಿದ್ದ ಕಲಾವಿದರ ಅನ್ನ ಕಸಿಯಿತು. ಅವರ ಕೈಯಲ್ಲಿ ಮೂಡುತ್ತಿದ್ದ ಅಕ್ಷರಗಳ ಬಳುಕು ಇಂದಿನ ಫಾಂಟುಗಳಲ್ಲಿ ಅಪರೂಪ. ಕನ್ನಡಕ್ಕೆ ಅದು ದೊಡ್ಡ ನಷ್ಟ. 2013ರಲ್ಲಿ ಕ್ಯಾನ್ವಾ ಜಾಲತಾಣ ವಿನ್ಯಾಸದ ಸಿದ್ಧ ಮಾದರಿಗಳನ್ನು ಎಲ್ಲರ ಕೈಗೆ ಕೊಟ್ಟಿತು. 2022ರ ಹೊತ್ತಿಗೆ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್‌ನಂಥ ಎಐ ಸಾಧನಗಳು ನಾಲ್ಕು ಮಾತು ಬರೆದರೆ ಚಿತ್ರ ರಚಿಸಿಕೊಡತೊಡಗಿದವು.

ಈ ಹೊಸ ಸಾಧನಗಳಿಂದ ಮೊದಲು ಕೈತಪ್ಪುವುದು ಹಬ್ಬದ ಶುಭಾಶಯ, ರಿಯಾಯಿತಿ ಜಾಹೀರಾತು, ಫೋಟೊದ ಹಿನ್ನೆಲೆ ತೆಗೆಯುವಂಥ ಕೆಲಸಗಳು. ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದುದೇ ಇವುಗಳಲ್ಲಿ. ವೃತ್ತಿಯ ಮೊದಲ ಮೆಟ್ಟಿಲೇ ಸವೆಯುತ್ತಿರುವುದು ನಿಜಕ್ಕೂ ಕಳವಳದ ಸಂಗತಿ.

ಆದರೆ ಕನ್ನಡದ ಮಟ್ಟಿಗೆ ಲಿಪಿಯ ಅರಿವಿಗೆ ಬೆಲೆ ಇದ್ದೇ ಇದೆ. ಕನ್ನಡದಲ್ಲಿ ಒತ್ತು ಸಾಲಿನ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರವನ್ನೇ ಇಲ್ಲೂ ಇಟ್ಟರೆ ‘ರಾಷ್ಟ್ರ’ದ ಒತ್ತುಗಳು ಕೆಳಸಾಲಿನ ತಲೆಗೆ ತಗಲುತ್ತವೆ. ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಸರಿಪಡಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುವುದುಂಟು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಬರಹವನ್ನು ಪರಿವರ್ತಿಸದೆ ಯೂನಿಕೋಡ್ ಫಾಂಟಿಗೆ ಹಾಕಿದರಂತೂ ಕನ್ನಡವೇ ಮಾಯವಾಗಿ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯಂತ್ರ ಬರೆದ ಚಿತ್ರಗಳಲ್ಲಿ ಕನ್ನಡದಂತೆ ಕಂಡರೂ ಓದಲಾಗದ ಗೀಟುಗಳು ಎಷ್ಟೋ ಸಲ ಇರುತ್ತವೆ. ಇವನ್ನು ಹಿಡಿದು ತಿದ್ದಲು ಲಿಪಿ ಬಲ್ಲ ಕಣ್ಣೇ ಬೇಕು. ಪರದೆಯ ಆರ್‌ಜಿಬಿ ಬಣ್ಣ ಅಚ್ಚಿನ ಸಿಎಂವೈಕೆಯಲ್ಲಿ ಮಂಕಾಗುವುದನ್ನು ಮೊದಲೇ ಊಹಿಸುವುದು, ಗಿರಾಕಿ ಕೇಳಿದ್ದರ ಹಿಂದೆ ಅವರಿಗೆ ನಿಜವಾಗಿ ಬೇಕಾದದ್ದೇನೆಂದು ತಿಳಿಯುವುದು ಕೂಡ ಅನುಭವದಿಂದಲೇ ಬರುವ ವಿದ್ಯೆ.

ಈ ವೃತ್ತಿಗೆ ಬರಬಯಸುವವರಲ್ಲಿ ಪಿಯುಸಿ ಮುಗಿಸಿದವರಿಗೆ, 1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಪ್ರವೇಶ ಪರೀಕ್ಷೆ ಇದೆ. ಐಐಟಿಗಳ ವಿನ್ಯಾಸ ಪದವಿಗೆ ಯುಸೀಡ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ದೃಶ್ಯಕಲಾ ಕಾಲೇಜು ಅನ್ವಯಿಕ ಕಲೆ ಕಲಿಸುತ್ತವೆ. ಕೆಲಸ ಕೊಡುವವರು ಅಂಕಪಟ್ಟಿಗಿಂತ ಹೆಚ್ಚಾಗಿ ನೋಡುವುದು ಪೋರ್ಟ್‌ಫೋಲಿಯೊವನ್ನು. ಅದರಲ್ಲಿ ಮೊದಲ ಪೆನ್ಸಿಲ್ ಗೀಚಿನಿಂದ ಕೊನೆಯ ಅಚ್ಚಿನವರೆಗಿನ ಹಂತಗಳೂ, ಕನ್ನಡ ಮತ್ತು ಇಂಗ್ಲಿಷ್ ಒಂದೇ ತೂಕದಲ್ಲಿ ನಿಂತ ಒಂದಾದರೂ ಫಲಕವೂ ಇದ್ದರೆ, ಯಂತ್ರ ಎಷ್ಟು ಮಾಡಿದೆ, ಕೈ ಎಷ್ಟು ಮಾಡಿದೆ ಎಂಬುದು ನೋಡುವವರಿಗೆ ತಿಳಿಯುತ್ತದೆ.