ಬಲೂನು ಸರಿ, ಒಳಗಿರೋ ಗ್ಯಾಸ್ ಯಾವುದು ಸ್ವಾಮಿ?

ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳಲ್ಲಿ ನಡೆದದ್ದು. ಸಂಜೆ ಆರೂವರೆ. ಹಾಸನದ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಸಕಲೇಶಪುರದ ಬಸ್ಸಿಗೆ ಒಬ್ಬ ಅಜ್ಜ ಹತ್ತಿದರು. ಕಂಕುಳಲ್ಲಿ ಪ್ರಸಾದದ ಚೀಲ, ಕೈಯಲ್ಲಿ ಐದು ವರ್ಷದ ಮೊಮ್ಮಗಳು. ಮೊಮ್ಮಗಳ ಬೆರಳಿಗೆ ದಾರ, ದಾರದ ತುದಿಗೆ ಕೆಂಪು ಬಲೂನು. ಬಸ್ಸಿನೊಳಗೆ ಬಂದದ್ದೇ ತಡ, ಬಲೂನು ಹೋಗಿ ಛಾವಣಿಗೆ ಅಂಟಿಕೊಂಡಿತು.

ಕಂಡಕ್ಟರ್ ನೋಡಿದರು.

"ಯಜಮಾನ್ರೇ, ಅದು ಗ್ಯಾಸ್ ಬಲೂನಾ?"

"ಹೌದು ಸ್ವಾಮಿ. ಮಗು ಹಠ ಮಾಡ್ತು, ಐವತ್ತು ರೂಪಾಯಿ ಕೊಟ್ಟೆ."

"ಯಾವ ಗ್ಯಾಸು?"

"ಯಾವ ಗ್ಯಾಸು ಅಂದ್ರೆ? ಬಲೂನ್ ಗ್ಯಾಸು!"

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಮಾತ್ರ ನಗಲಿಲ್ಲ. "ಹೊರಗಡೆ ಹುಡುಗ್ರು ಪಟಾಕಿ ಹಚ್ತಾ ಇದಾರೆ. ಒಂದು ಕಿಡಿ ಕಿಟಕೀಲಿ ಬಂದ್ರೆ ಆ ಮಗು ಮುಖದ ಮೇಲೇ ಹತ್ಕೊಳ್ಳುತ್ತೆ. ಬಲೂನು ಬಿಟ್ಟು ಬನ್ನಿ, ಇಲ್ಲ ಅಂದ್ರೆ ಬಸ್ಸು ಹೊರಡಲ್ಲ" ಎಂದರು.

ಅರ್ಧ ಬಸ್ಸು ಕಂಡಕ್ಟರ ಕಡೆ, ಅರ್ಧ ಬಸ್ಸು ಅಜ್ಜನ ಕಡೆ. "ಒಂದು ಪುಗ್ಗೆಗೆ ಇಷ್ಟೊಂದು ರಂಪಾಟವೇ?" ಎಂದು ಹಿಂದಿನ ಸೀಟಿನವರು ಗೊಣಗಿದರು. ಕೊನೆಗೆ ಅಜ್ಜ ಕೆಳಗಿಳಿದು ದಾರ ಬಿಟ್ಟರು. ಬಲೂನು ನಿಲ್ದಾಣದ ದೀಪದ ಕಂಬ ದಾಟಿ ಕತ್ತಲಿಗೆ ಹೋಯಿತು. ಮಗುವಿನ ಅಳು ಶುರುವಾಯಿತು.

ಅದೇ ಬಸ್ಸಿನಲ್ಲಿದ್ದ ನನಗೂ ಕಂಡಕ್ಟರು ಸ್ವಲ್ಪ ಅತಿ ಮಾಡಿದರು ಅನ್ನಿಸಿತ್ತು. ಮನೆಗೆ ಬಂದು ಪುಸ್ತಕ ತಿರುವಿ ಹಾಕಿದೆ. ತಪ್ಪು ನನ್ನದೇ. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಅತಿಯಲ್ಲ.

ಹುಟ್ಟಿದ್ದು ಪ್ರಯೋಗಶಾಲೆಯಲ್ಲಿ

ಹಳಬರು ಪುಗ್ಗೆ ಅನ್ನುತ್ತಿದ್ದರು, ಉತ್ತರ ಕರ್ನಾಟಕದವರು ಪುಗ್ಗಾ ಅಂತಾರೆ, ಈಗಿನ ಮಕ್ಕಳಿಗೆ ಬಲೂನು. ಈ ಪದಾರ್ಥ ಹುಟ್ಟಿದ್ದು ಜಾತ್ರೆಯಲ್ಲೂ ಅಲ್ಲ, ಹುಟ್ಟುಹಬ್ಬದಲ್ಲೂ ಅಲ್ಲ. ವಿಜ್ಞಾನಿಯ ಮೇಜಿನ ಮೇಲೆ.

1824ನೇ ಇಸವಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೇಲ್ ಫ್ಯಾರಡೆ ಗ್ಯಾಸುಗಳ ಮೇಲೆ ಪ್ರಯೋಗ ನಡೆಸಿದ್ದರು. ಮುಂದೆ ವಿದ್ಯುತ್ತಿನ ವಿಷಯದಲ್ಲಿ ಜಗತ್ಪ್ರಸಿದ್ಧರಾದ ಫ್ಯಾರಡೆ ಇವರೇ. ಗ್ಯಾಸ್ ಹಿಡಿದಿಡಲು ಒಂದು ಚೀಲ ಬೇಕಿತ್ತು. ರಬ್ಬರಿನ ಎರಡು ಹಾಳೆ ಕತ್ತರಿಸಿ, ಒಂದರ ಮೇಲೊಂದಿಟ್ಟು, ಅಂಚು ಒತ್ತಿ ಅಂಟಿಸಿದರು. ಹಸಿ ರಬ್ಬರು, ಒತ್ತಿದರೆ ತಾನೇ ಅಂಟುತ್ತದೆ. ನಡುವೆಯೂ ಅಂಟಿಕೊಂಡರೆ ಕೆಲಸ ಕೆಟ್ಟಿತಲ್ಲ! ಅದಕ್ಕೆ ಒಳಗಡೆ ಹಿಟ್ಟು ಉದುರಿಸಿದರು. ರೊಟ್ಟಿ ತಟ್ಟುವಾಗ ನಮ್ಮ ಹೆಂಗಸರು ಮಾಡುವ ಉಪಾಯವೇ.

ಆ ಚೀಲಕ್ಕೆ ತುಂಬಿದ ಗ್ಯಾಸು ಹೈಡ್ರೋಜನ್. ಚೀಲ ಮೇಲಕ್ಕೆ ಹಾರಿತು. ರಬ್ಬರ್ ಬಲೂನೂ ಹೈಡ್ರೋಜನ್ನೂ ಹೀಗೆ ಒಟ್ಟಿಗೇ ನಂಟು ಬೆಳೆಸಿದವು. ಆದರೆ ಅಲ್ಲಿ ಬೆಂಕಿ ದೂರವಿತ್ತು, ನೋಡಿಕೊಳ್ಳುವವನು ಬಲ್ಲವನಾಗಿದ್ದ. ಇದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಮರುವರ್ಷವೇ, ಅಂದರೆ 1825ರಲ್ಲಿ, ಥಾಮಸ್ ಹ್ಯಾನ್‌ಕಾಕ್ ಎಂಬ ರಬ್ಬರ್ ವ್ಯಾಪಾರಿ ಇದರಲ್ಲಿ ಕಾಸು ಕಂಡ. ಒಂದು ಬಾಟಲಿ ರಬ್ಬರ್ ದ್ರಾವಣ, ಒಂದು ಪಿಚಕಾರಿ: ಮನೆಯಲ್ಲೇ ಬಲೂನು ಮಾಡಿಕೊಳ್ಳಿ ಅಂತ ಮಾರಿದ. ಆದರೆ ಆ ಕಾಲದ ರಬ್ಬರಿಗೆ ಒಂದು ರೋಗವಿತ್ತು. ಬಿಸಿಲಿಗೆ ಜಿಗುಟು, ಚಳಿಗೆ ಬಿರುಸು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದಾಗ ಆ ರೋಗ ವಾಸಿಯಾಯಿತು. 1847ರಲ್ಲಿ ಲಂಡನ್ನಿನ ಜೆ.ಜಿ. ಇಂಗ್ರಾಮ್ ಹೀಗೆ ಹದಮಾಡಿದ ರಬ್ಬರಿನ ಆಟದ ಬಲೂನು ತಂದ. ಈಗಿನ ಬಲೂನಿನ ಮುತ್ತಾತ ಅದೇ.

ಅಗ್ಗವಾಗಿ ಮನೆಮನೆಗೆ ಬಂದದ್ದು ಮಾತ್ರ ಇನ್ನೂ ತಡವಾಗಿ. 1931ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನೀಲ್ ಟಿಲ್ಲಟ್ಸನ್ ಎಂಬಾತ ರಟ್ಟಿನಲ್ಲಿ ಬೆಕ್ಕಿನ ಮುಖ ಕತ್ತರಿಸಿ, ಅದನ್ನು ರಬ್ಬರ್ ಹಾಲಿನಲ್ಲಿ ಅದ್ದಿ ತೆಗೆದ. ಒಣಗಿದ ಮೇಲೆ ಸುಲಿದು ಊದಿದರೆ ಕಿವಿ ಸಮೇತ ಬೆಕ್ಕು! ಆ ವರ್ಷದ ಲೆಕ್ಸಿಂಗ್ಟನ್ ಮೆರವಣಿಗೆಯಲ್ಲಿ ಅದು ಮಾರಾಟವಾಯಿತು. ಇವತ್ತಿನ ಕಾರ್ಖಾನೆಯೂ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತದೆ. ಅಚ್ಚನ್ನು ಬಣ್ಣ ಬೆರೆಸಿದ ರಬ್ಬರ್ ಹಾಲಿನಲ್ಲಿ ಅದ್ದುವುದು, ಬಾಯಿಯ ಅಂಚನ್ನು ಸುರುಳಿ ಸುತ್ತುವುದು, ತೊಳೆಯುವುದು, ಕಾಯಿಸುವುದು, ಸುಲಿಯುವುದು.

ಆ ಹಾಲು ಬರುವ ಮರವನ್ನು ನೋಡಲು ನಾವು ಬಹಳ ದೂರ ಹೋಗಬೇಕಿಲ್ಲ. ಶಿರಾಡಿ ಘಾಟಿ ಇಳಿದು ಸುಳ್ಯ, ಪುತ್ತೂರು ಕಡೆ ಹೋದರೆ ರಸ್ತೆ ಪಕ್ಕದಲ್ಲೇ ರಬ್ಬರ್ ತೋಟ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಅಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಹಾಲು ಇಳಿಸಿ ಬದುಕು ಕಟ್ಟಿಕೊಂಡವು. ಬೆಳಗಿನ ಜಾವ ಮರದ ತೊಗಟೆ ಗೀರಿ, ಚಿಪ್ಪು ಕಟ್ಟಿ, ತೊಟ್ಟು ತೊಟ್ಟಾಗಿ ಹಿಡಿಯುವ ಹಾಲು ಅದು.

ಜಾತಿ ಎಷ್ಟು, ಗುಣ ಏನು

ಕಟ್ಟಿನಕೆರೆ ಮಾರುಕಟ್ಟೆ ಕಡೆ ಹೋಗಿ ಒಂದು ಫ್ಯಾನ್ಸಿ ಅಂಗಡಿ ಹೊಕ್ಕು ನೋಡಿ, ತಲೆ ತಿರುಗುತ್ತದೆ. ಮೊದಲು ದುಂಡಗಿನದು, ಉದ್ದನೆಯದು, ಪೀಪಿ ಇರುವುದು, ಇಷ್ಟೇ ಇತ್ತು. ಬಲೂನಿನವನು ಒದ್ದೆ ಬೆರಳಲ್ಲಿ ಉಜ್ಜಿ ಕಿರ್ ಕಿರ್ ಅನ್ನಿಸಿದರೆ ಬೀದಿಯ ಮಕ್ಕಳೆಲ್ಲ ಹಾಜರು. ಈಗ ಹೃದಯದ ಆಕಾರ, ಮುತ್ತಿನ ಹೊಳಪು, ಕನ್ನಡಿ ಹೊಳಪು, ಒಳಗೆ ಬಣ್ಣದ ಚೂರು ತುಂಬಿದ್ದು, ಒಳಗೆ ದೀಪ ಹತ್ತುವುದು.

ಪೆನ್ಸಿಲ್ ಬಲೂನಿನಲ್ಲಿ ನಾಯಿ, ಕತ್ತಿ, ಹೂವು ಮಾಡುವವರನ್ನು ಮದುವೆ ಮನೆಗಳಲ್ಲಿ ನೋಡಿರುತ್ತೀರಿ. ಆ ಬಲೂನಿಗೆ 260 ಎಂದು ಹೆಸರು. ಊದಿದಾಗ 2 ಅಂಗುಲ ದಪ್ಪ, 60 ಅಂಗುಲ ಉದ್ದ, ಅದೇ ಲೆಕ್ಕ. ಅದನ್ನು ಬಾಯಲ್ಲಿ ಊದಲು ಹೋಗಿ ಕೆನ್ನೆ ನೋಯಿಸಿಕೊಳ್ಳಬೇಡಿ, ಪಂಪು ತನ್ನಿ. ಯಾವ ಬಲೂನಿಗಾದರೂ ಮೊದಲ ಉಸಿರೇ ಕಷ್ಟ. ಒಂದಿಷ್ಟು ಉಬ್ಬಿದ ಮೇಲೆ ಹಗುರ. ಊದುವ ಮೊದಲು ಎರಡು ಸಲ ಎಳೆದು ಸಡಿಲ ಮಾಡಿಕೊಳ್ಳುವುದು ಅದಕ್ಕೇ.

ಅಂಕಿ, ಅಕ್ಷರಗಳ ಬೆಳ್ಳಿ ಬಣ್ಣದ ಬಲೂನು ಇದೆಯಲ್ಲ, ಅದು ರಬ್ಬರೇ ಅಲ್ಲ. 1970ರ ದಶಕದ ಕೊನೆಗೆ ಬಂದ ಫಾಯಿಲ್ ಬಲೂನು. ಪ್ಲಾಸ್ಟಿಕ್ ಹಾಳೆಗೆ ಅಲ್ಯೂಮಿನಿಯಂ ಲೇಪ, ಎರಡು ಹಾಳೆ ಇಟ್ಟು ಅಂಚಿಗೆ ಬಿಸಿ ಬೆಸುಗೆ. ನೋಡಿ, ಫ್ಯಾರಡೆ ಮಾಡಿದ ರೀತಿಗೇ ಮತ್ತೆ ಬಂದಂತಾಯಿತು! ರಬ್ಬರಿನಲ್ಲಿ ಕಣ್ಣಿಗೆ ಕಾಣದ ಸಂದುಗಳಿರುವುದರಿಂದ ಹೀಲಿಯಂ ತುಂಬಿದ ಸಾಧಾರಣ ಬಲೂನು ಮಾರನೇ ದಿನಕ್ಕೆ ನೆಲ ಕಚ್ಚುತ್ತದೆ. ಫಾಯಿಲಿನದು ವಾರಗಟ್ಟಲೆ ನಿಲ್ಲುತ್ತದೆ. ಆದರೆ ಅದರ ಮೈಮೇಲಿನ ಲೋಹದಲ್ಲಿ ವಿದ್ಯುತ್ ಹರಿಯುತ್ತದೆ. ಅಂಗಡಿ ಮುಂದಿನ ಕರೆಂಟ್ ತಂತಿಗೆ ತಗುಲಿದರೆ ಬೀದಿಗೇ ಕತ್ತಲೆ.

ಅಂಗಡಿಯವರಿಗೆ ಇನ್ನೊಂದು ಮಾತು. ಬಲೂನಿನ ಪೊಟ್ಟಣ ಬಿಸಿಲಿಗೆ ತೂಗುಹಾಕಬೇಡಿ. ಬಿಸಿಲು ಬಿದ್ದ ರಬ್ಬರು ಹೊಳಪು ಕಳೆದುಕೊಂಡು, ಮಂಜು ಹಿಡಿದಂತಾಗಿ, ಊದಿದ ಕೂಡಲೇ ಒಡೆಯುತ್ತದೆ. ಆಮೇಲೆ ಗಿರಾಕಿ ಬೈಯುವುದು ಕಂಪನಿಯನ್ನಲ್ಲ, ನಿಮ್ಮನ್ನು.

ಎರಡು ಗ್ಯಾಸಿನ ಕಥೆ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಬಾಯಲ್ಲೋ ಪಂಪಿನಲ್ಲೋ ಊದಿದ ಬಲೂನು ಹಾರುವುದಿಲ್ಲ. ಹಾರುವ ಬಲೂನಿನೊಳಗೆ ಇರುವುದು ಎರಡರಲ್ಲಿ ಒಂದು: ಹೀಲಿಯಂ ಅಥವಾ ಹೈಡ್ರೋಜನ್.

ಹೀಲಿಯಂಗೂ ನಮ್ಮ ದಕ್ಷಿಣಕ್ಕೂ ಹಳೇ ನಂಟು. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಅದನ್ನು ನೋಡಲು ಫ್ರಾನ್ಸಿನ ಖಗೋಳ ವಿಜ್ಞಾನಿ ಪಿಯರ್ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಆ ಗ್ರಹಣದಲ್ಲಿ ಸೂರ್ಯನ ಬೆಳಕಿನೊಳಗೆ ಕಂಡ ಒಂದು ಹಳದಿ ಗೆರೆಯೇ ಹೀಲಿಯಂನ ಮೊದಲ ಸುಳಿವು. ಭೂಮಿಯ ಮೇಲೆ ಅದನ್ನು ಬೇರ್ಪಡಿಸಿ ಹಿಡಿದದ್ದು 1895ರಲ್ಲಿ, ಲಂಡನ್ನಿನಲ್ಲಿ ವಿಲಿಯಂ ರ‍್ಯಾಮ್ಸೆ. ಇದರ ದೊಡ್ಡ ಗುಣವೆಂದರೆ ಏನು ಮಾಡಿದರೂ ಬೆಂಕಿ ಹತ್ತುವುದಿಲ್ಲ.

ಹೈಡ್ರೋಜನ್ ಹಾಗಲ್ಲ. ಗಾಳಿಯಲ್ಲಿ ಶೇಕಡ 4ರಷ್ಟು ಬೆರೆತರೂ ಸಾಕು, ಶೇಕಡ 75ರವರೆಗೂ, ಕಿಡಿ ಸೋಕಿದರೆ ಹತ್ತಿಕೊಳ್ಳುತ್ತದೆ. 1937ರಲ್ಲಿ ಹಿಂಡೆನ್‌ಬರ್ಗ್ ಎಂಬ ಜರ್ಮನ್ ಆಕಾಶನೌಕೆ ಅಮೆರಿಕದಲ್ಲಿ ಇಳಿಯುವಾಗ ಉರಿದು 36 ಜನ ಸತ್ತದ್ದು ಈ ಗ್ಯಾಸಿನಿಂದಲೇ. ದೊಡ್ಡ ನೌಕೆಯ ಮಾತು ಬಿಡಿ ಅಂತೀರಾ? 2012ರ ಮೇ 4ರಂದು ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ಚುನಾವಣಾ ಸಭೆ. ಜನರ ಕೈಯಲ್ಲಿದ್ದದ್ದು ಆಟದ ಬಲೂನೇ. ಗೊಂಚಲು ಹತ್ತಿಕೊಂಡಿತು. ನೂರಕ್ಕೂ ಹೆಚ್ಚು ಮಂದಿಗೆ ಸುಟ್ಟಗಾಯ.

ಹಾಗಾದರೆ ಹೈಡ್ರೋಜನ್ ಚೆನ್ನಾಗಿ ಹಾರಿಸುತ್ತದೋ? ಅದೂ ಇಲ್ಲ. ಒಂದು ಲೀಟರ್ ಹೀಲಿಯಂ ಸುಮಾರು ಒಂದು ಗ್ರಾಂ ಭಾರ ಎತ್ತಿದರೆ, ಹೈಡ್ರೋಜನ್ ಎತ್ತುವುದು ಅದಕ್ಕಿಂತ ಶೇಕಡ 8ರಷ್ಟು ಮಾತ್ರ ಹೆಚ್ಚು. ವ್ಯತ್ಯಾಸ ಇರುವುದು ಬೆಲೆಯಲ್ಲಿ. ನಮ್ಮ ದೇಶ ಹೀಲಿಯಂ ತರಿಸಿಕೊಳ್ಳುವುದು ಹೊರದೇಶದಿಂದ. ಆಸ್ಪತ್ರೆಯ ಎಂಆರ್‌ಐ ಯಂತ್ರಕ್ಕೂ ಅದೇ ಬೇಕು. ಹೈಡ್ರೋಜನ್ನನ್ನು ಕಾಸ್ಟಿಕ್ ಸೋಡಾ, ಅಲ್ಯೂಮಿನಿಯಂ ಚೂರು, ನೀರು ಹಾಕಿ ಬೀದಿಯಲ್ಲೇ ಎಬ್ಬಿಸಬಹುದು. ಎಬ್ಬಿಸುವಾಗ ಸಿಲಿಂಡರ್ ಕಾಯುತ್ತದೆ, ಒಳಗೆ ಒತ್ತಡ ಏರುತ್ತದೆ. ಹಳೇ ಸಿಲಿಂಡರು, ತುಕ್ಕು ಹಿಡಿದ ತಳ. ತಡೆಯುವಷ್ಟು ತಡೆದು ಒಂದು ದಿನ ಸಿಡಿಯುತ್ತದೆ. ಮೊದಲು ಪ್ರಾಣ ಹೋಗುವುದು ಪಕ್ಕದಲ್ಲಿ ನಿಂತ ಬಲೂನಿನವನದು, ಆಮೇಲೆ ಸುತ್ತ ಮುಗಿಬಿದ್ದ ಮಕ್ಕಳದು. ಸಿಲಿಂಡರಿಗೆ ಗ್ಯಾಸ್ ತುಂಬಲು 2016ರ ನಿಯಮಗಳ ಪ್ರಕಾರ ಪರವಾನಗಿ ಬೇಕು. ಜಾತ್ರೆ ಬೀದಿಯಲ್ಲಿ ಅದನ್ನು ಕೇಳುವವರು ಯಾರು?

ಬಲೂನಿನವನನ್ನು ಓಡಿಸಿ ಅಂತ ನಾನು ಹೇಳುತ್ತಿಲ್ಲ. ಊರಿಂದೂರಿಗೆ ಜಾತ್ರೆ ಹಿಂದೆ ತಿರುಗುವ ಬಡಪಾಯಿ ಅವನು. ಕಡ್ಡಿಗೆ ಕಟ್ಟಿದ ಗಾಳಿ ಬಲೂನು ನಾವು ಕೊಂಡರೆ ಅದನ್ನೇ ಮಾರುತ್ತಾನೆ. ಹಾರೋದೇ ಬೇಕು ಅಂತ ಹಠ ಹಿಡಿಯುವವರು ನಾವು.

ನಾವು ಮಾಡಬೇಕಾದದ್ದು

ಹಾರುವ ಬಲೂನು ಕೊಳ್ಳುವ ಮುಂಚೆ ಗ್ಯಾಸ್ ಯಾವುದೆಂದು ಕೇಳಿ. ಸಿಲಿಂಡರಿನ ಮೇಲೆ ಹೆಸರಿಲ್ಲ, ಮೀಟರಿಲ್ಲ, ಮುಟ್ಟಿದರೆ ಬಿಸಿ ಅನ್ನುವಂತಿದ್ದರೆ ಮಗುವನ್ನು ಎತ್ತಿಕೊಂಡು ದೂರ ಬನ್ನಿ. ಪರೀಕ್ಷೆ ಮಾಡ್ತೀನಿ ಅಂತ ಬೆಂಕಿಕಡ್ಡಿ ಮಾತ್ರ ಗೀರಬೇಡಿ.

ಅಂಗಡಿ ಪ್ರಾರಂಭೋತ್ಸವ ಮಾಡುವ ಮಿತ್ರರೇ, ಬಾಗಿಲಿಗೆ ಗ್ಯಾಸ್ ಬಲೂನಿನ ಗೊಂಚಲು, ಅದರ ಕೆಳಗೇ ಕರ್ಪೂರದಾರತಿ, ದೀಪ ಬೆಳಗುವುದು. ಈ ಜೋಡಿ ಬೇಡ. ಕಮಾನಿಗೆ ಪಂಪಿನ ಗಾಳಿ ಸಾಕು, ಅಂದವೇನೂ ಕಡಿಮೆಯಾಗದು. ಹುಟ್ಟುಹಬ್ಬದ ಮೇಣದಬತ್ತಿಗೂ ಇದೇ ಮಾತು.

ಆಕಾಶಕ್ಕೆ ನೂರಾರು ಬಲೂನು ಬಿಡುವ ಶೋಕಿಯೂ ಬೇಡ. 1986ರ ಸೆಪ್ಟೆಂಬರ್ 27ರಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ದಾಖಲೆಗಾಗಿ ಸುಮಾರು 15 ಲಕ್ಷ ಬಲೂನು ಬಿಟ್ಟರು. ಮಳೆ ಗಾಳಿಗೆ ಸಿಕ್ಕಿ ಅವುಗಳಲ್ಲಿ ಬಹಳಷ್ಟು ಈರಿ ಸರೋವರದ ಮೇಲೆ ಬಿದ್ದವು. ದೋಣಿಯಲ್ಲಿ ಹೋಗಿ ಕಾಣೆಯಾಗಿದ್ದ ಇಬ್ಬರನ್ನು ಹುಡುಕುತ್ತಿದ್ದವರಿಗೆ ನೀರಿನ ಮೇಲೆ ಬಲೂನು ಯಾವುದು, ತಲೆ ಯಾವುದು ತಿಳಿಯದಾಯಿತು. ಆ ಇಬ್ಬರೂ ಬದುಕಿ ಬರಲಿಲ್ಲ.

ಮತ್ತೊಂದು. ಒಡೆದ ಬಲೂನಿನ ಚೂರು ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕರೆ ತೆಗೆಯುವುದು ಬಹಳ ಕಷ್ಟ. ಎಂಟು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕೆಂದು ಅಮೆರಿಕದಲ್ಲಿ 1994ರಲ್ಲೇ ಕಾನೂನಾಯಿತು. ಒಡೆದ ಕೂಡಲೇ ಚೂರು ಆರಿಸಿ ಬಿಸಾಡಿ. ಮಗುವಿನ ಬಾಯಿಗೆ ಊದಲು ಕೊಡಬೇಡಿ, ನೀವೇ ಊದಿಕೊಡಿ.

ಆ ದಿನದ ಬಸ್ಸಿಗೆ ವಾಪಸು ಬರುತ್ತೇನೆ. ಆಲೂರು ದಾಟಿದರೂ ಮಗುವಿನ ಅಳು ನಿಂತಿರಲಿಲ್ಲ. ಅಜ್ಜ ಪ್ರಸಾದ ಕೊಟ್ಟರು, ಬೇಡ. ಕಡಲೆಪುರಿ ಕೊಟ್ಟರು, ಅದೂ ಬೇಡ. ಮುಂದಿನ ಸೀಟಿನಲ್ಲಿ ಒಬ್ಬರು ಅಂಗಡಿಗೆ ಸಾಮಾನು ಕಟ್ಟಿಸಿಕೊಂಡು ಹೋಗುತ್ತಿದ್ದರು. ಚೀಲದಿಂದ ಹೊಸ ಪೊಟ್ಟಣ ತೆಗೆದು, ಹಲ್ಲಲ್ಲಿ ಹರಿದು, ಹಳದಿ ಬಲೂನೊಂದನ್ನು ಊದಿ, ಗಂಟು ಹಾಕಿ ಹಿಂದಕ್ಕೆ ಚಾಚಿದರು.

"ತಗೋ ಪುಟ್ಟಿ. ಇದು ಎಲ್ಲಿಗೂ ಓಡಿ ಹೋಗಲ್ಲ."

ಅಜ್ಜ ಜೇಬಿಗೆ ಕೈ ಹಾಕಿದರು. "ಬಿಡಿ ಯಜಮಾನ್ರೇ, ಉಸಿರಿಗೆಲ್ಲ ಕಾಸು ಯಾರು ತಗೋತಾರೆ" ಎಂದರು ಅವರು. ಮಗು ಬಲೂನನ್ನು ಮಡಿಲಲ್ಲಿಟ್ಟುಕೊಂಡಿತು. ಸಕಲೇಶಪುರ ಬರುವಷ್ಟರಲ್ಲಿ ಅದರ ಮೇಲೇ ತಲೆಯಿಟ್ಟು ನಿದ್ದೆ ಹೋಗಿತ್ತು. ಟಿಕೆಟ್ ಲೆಕ್ಕ ಬರೆಯುತ್ತಿದ್ದ ಕಂಡಕ್ಟರು ಒಮ್ಮೆ ತಲೆಯೆತ್ತಿ ನೋಡಿ, ಡ್ರೈವರಿಗೆ "ನಿಧಾನಕ್ಕೆ ಬ್ರೇಕ್ ಹಾಕಪ್ಪಾ" ಎಂದರು.