ಗಂಬೂಟು ತೊಟ್ಟು ಏರುವ ಚಂದ್ರಪರ್ವತ

ಆಫ್ರಿಕದ ಅತಿ ಎತ್ತರದ ಪರ್ವತ ಯಾವುದೆಂದರೆ ಶಾಲೆಯ ಮಕ್ಕಳೂ ಕಿಲಿಮಂಜಾರೊ ಎನ್ನುತ್ತಾರೆ. ಎರಡನೆಯದು ಮೌಂಟ್ ಕೆನ್ಯಾ. ಮೂರನೆಯದು ಯಾವುದೆಂದು ಕೇಳಿ ನೋಡಿ, ಚಾರಣದ ಹುಚ್ಚು ಹತ್ತಿದವರೂ ತಡವರಿಸುತ್ತಾರೆ. ಉಗಾಂಡ–ಕಾಂಗೊ ಗಡಿಯಲ್ಲಿರುವ ರುವೆಂಜೋರಿ ಸಾಲಿನ ಸ್ಟ್ಯಾನ್ಲಿ ಪರ್ವತ ಅದು. ಅದರ ತುದಿ ಮಾರ್ಗರೀಟಾ ಶಿಖರದ ಎತ್ತರ 5,109 ಮೀಟರ್. ಸಮಭಾಜಕ ವೃತ್ತದ ಮಗ್ಗುಲಲ್ಲೇ ಇದ್ದರೂ ನೆತ್ತಿಯ ಮೇಲೆ ಮಂಜುಗಡ್ಡೆ.

ನೈಲ್ ನದಿಗೆ ನೀರುಣಿಸುವ ಹಿಮದ ‘ಚಂದ್ರಪರ್ವತ’ವೊಂದಿದೆ ಎಂದು ಟಾಲೆಮಿ ಬರೆದಿಟ್ಟಿದ್ದ. ಅದು ಇದೇ ಎಂಬುದು ಹಲವರ ನಂಬಿಕೆ. ವರ್ಷದ ಬಹುಪಾಲು ಮೋಡ ಮುಸುಕಿರುವುದರಿಂದ ಹೆನ್ರಿ ಸ್ಟ್ಯಾನ್ಲಿಯ ತಂಡಕ್ಕೆ ಇಲ್ಲಿನ ಹಿಮ ಕಂಡದ್ದು 1888ರಲ್ಲಷ್ಟೇ. 1906ರ ಜೂನ್‌ನಲ್ಲಿ ಇಟಲಿಯ ರಾಜಮನೆತನದ ಅಬ್ರುಜಿಯ ಡ್ಯೂಕ್ ಶಿಖರವೇರಿ, ತಮ್ಮ ರಾಜಮಾತೆಯ ಹೆಸರನ್ನು ಅದಕ್ಕಿಟ್ಟರು. ಬೆಟ್ಟದ ಮಕ್ಕಳಾದ ಬಕೊಂಜೊ ಜನರಿಗೆ ಇದೆಲ್ಲ ಹೊಸ ಸುದ್ದಿಯೇನಲ್ಲ. ಅವರ ದೈವ ಕಿತಸಾಂಬನ ಮನೆ ಆ ಹಿಮದಲ್ಲೇ ಇದೆ.

ಉಗಾಂಡ ಈ ಬೆಟ್ಟಗಳನ್ನು 1991ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿತು. 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಗೈಡ್‌ಗಳೂ ಹೊರೆ ಹೊರುವವರೂ ಹೆಚ್ಚಾಗಿ ಬಕೊಂಜೊ ಊರುಗಳವರೇ. ನ್ಯಾಕಲೆಂಗಿಜದಿಂದ ಹೊರಡುವ ಹಳೆಯ ದಾರಿ ಸುತ್ತಿ ಬರಲು ಸುಮಾರು ಒಂದು ವಾರ ಬೇಕು.

ಇಲ್ಲಿ ಶಿಖರಕ್ಕಿಂತ ಹೆಚ್ಚು ಸತಾಯಿಸುವುದು ಕೆಸರು. ಜಾನ್ ಮಾಟ್ಟೆ ಗುಡಿಸಲು ದಾಟಿದರೆ ಬಿಗೊ ಜೌಗು. ಹುಲ್ಲಿನ ಗುಪ್ಪೆಯಿಂದ ಗುಪ್ಪೆಗೆ ಹಾರುತ್ತ ಹೋಗಬೇಕು, ತಪ್ಪಿದರೆ ಮೊಣಕಾಲವರೆಗೆ ಹುದುಲು. ಮಲೆನಾಡಿನಲ್ಲಿ ನಾಟಿಗೆಂದು ಗದ್ದೆಗಿಳಿದವರಿಗೆ ಈ ನಡಿಗೆ ಹೊಸದಲ್ಲ, ಆದರೆ ಅವರೂ ಅದನ್ನು 3,500 ಮೀಟರ್ ಎತ್ತರದಲ್ಲಿ, ಏದುಸಿರು ಬಿಡುತ್ತ ನಡೆದಿರಲಾರರು. ಸಾವಿರಾರು ರೂಪಾಯಿಯ ಚಾರಣದ ಶೂಗಳು ಚೀಲ ಸೇರುತ್ತವೆ. ಕಾಲಿಗೆ ಬರುವುದು ರಬ್ಬರಿನ ಗಂಬೂಟು. ಕೆಲವೆಡೆ ಮರದ ಹಲಗೆ ಹಾಸಿದ್ದಾರೆ. ನನ್ನ ಕೇಳಿದರೆ, ಅದು ಕಾಲಿಗಿಂತ ಜೌಗಿಗೆ ಮಾಡಿದ ಉಪಕಾರ.

ತಲೆಯೆತ್ತಿದರೆ ಮಾತ್ರ ಬೇರೆಯೇ ಲೋಕ. ಹಾವಸೆಯ ಗಡ್ಡ ಬಿಟ್ಟ ಹೀದರ್ ಮರಗಳು, ಆಳೆತ್ತರ ಮೀರಿದ ಲೊಬೀಲಿಯ ಗಿಡಗಳು. ಹಗಲು ಬಿಸಿಲು, ಇರುಳು ಹೆಪ್ಪುಗಟ್ಟುವ ಚಳಿ. ಹಾಗಾಗಿ ದೈತ್ಯ ಸೆನೆಸಿಯೊ ಒಣಗಿದ ಎಲೆಗಳನ್ನು ಉದುರಿಸದೆ ಕಾಂಡಕ್ಕೆ ಕಂಬಳಿಯಂತೆ ಸುತ್ತಿಕೊಂಡಿರುತ್ತದೆ.

4,541 ಮೀಟರ್ ಎತ್ತರದ ಎಲೆನಾ ಗುಡಿಸಲಿನಿಂದ ಕಡೆಯ ಏರು. ಬೆಳಗಿನ ಜಾವಕ್ಕೆ ಮುಂಚೆಯೇ ಹೊರಡಬೇಕು. ಗಂಬೂಟು ಬಿಚ್ಚಿ, ಬೂಟಿಗೆ ಲೋಹದ ಮುಳ್ಳುಗಳ ಕ್ರ್ಯಾಂಪಾನ್ ಬಿಗಿದು, ಕೈಯಲ್ಲಿ ಐಸ್ ಆಕ್ಸ್ ಹಿಡಿದರೆ, ಗೈಡ್ ಎಲ್ಲರನ್ನೂ ಒಂದೇ ಹಗ್ಗಕ್ಕೆ ಪೋಣಿಸುತ್ತಾನೆ. ಒಬ್ಬ ಜಾರಿದರೆ ಉಳಿದವರು ಹಿಡಿಯಬೇಕು. ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ಎಲ್ಲರ ವೇಗ. ಗಡಿಬಿಡಿಯವರಿಗೆ ಈ ಬೆಟ್ಟ ಹೇಳಿಸಿದ್ದಲ್ಲ.

ಆ ಹಗ್ಗಕ್ಕೆ ಇನ್ನೆಷ್ಟು ದಿನ ಕೆಲಸವಿದೆಯೋ. ಡ್ಯೂಕ್ ಬಂದಾಗ ಇಲ್ಲಿನ ಆರು ಪರ್ವತಗಳ ಮೇಲೂ ಹಿಮನದಿಗಳಿದ್ದವು. ಅವುಗಳಲ್ಲಿ ಬೇಕರ್, ಸ್ಪೀಕ್ ಬರಿದಾಗುತ್ತ ಬಂದು, ಈಗ ಹೇಳಿಕೊಳ್ಳುವಂಥ ಮಂಜುಗಡ್ಡೆ ಉಳಿದಿರುವುದು ಸ್ಟ್ಯಾನ್ಲಿಯ ನೆತ್ತಿಯಲ್ಲಿ ಮಾತ್ರ. ಹಿಂದೆ ಮಂಜುಗಡ್ಡೆಯ ಮೇಲೆಯೇ ದಾಟುತ್ತಿದ್ದ ಕಡೆಗಳಲ್ಲಿ ಈಗ ಬೋಳು ಬಂಡೆ ಎದ್ದು ನಿಂತಿದೆ. ತನ್ನ ದೈವದ ಮನೆ ಕರಗುವುದನ್ನು ಬಕೊಂಜೊ ಗೈಡ್ ಪ್ರತಿ ಹಂಗಾಮಿನಲ್ಲೂ ನೋಡುತ್ತಾನೆ.

ಹೋಗುವ ಮನಸ್ಸಿದ್ದರೆ ಡಿಸೆಂಬರ್‌ನಿಂದ ಫೆಬ್ರುವರಿ ಅಥವಾ ಜೂನ್‌ನಿಂದ ಆಗಸ್ಟ್ ಮಳೆ ಕಡಿಮೆಯಿರುವ ಕಾಲ, ನಿಲ್ಲುವುದಂತೂ ಇಲ್ಲ. ಕಂಪಾಲಾದಿಂದ ಬೆಟ್ಟದ ತಪ್ಪಲಿನ ಕಸೆಸೆ ಪಟ್ಟಣಕ್ಕೆ ರಸ್ತೆಯಲ್ಲಿ ಹೆಚ್ಚುಕಡಿಮೆ ಇಡೀ ದಿನದ ಪಯಣ. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರ ಜೋಪಾನ ಮಾಡಿ. ಗಂಬೂಟು ಮಾತ್ರ ಉಣ್ಣೆಯ ಕಾಲುಚೀಲ ತೊಟ್ಟೇ ಆರಿಸಿಕೊಳ್ಳಿ.